ಬಳುವಳಿಯ ಹನ್ನೊಂದು ಕುರಿ

ಬೀದರ
18 ಜೂನ್ 2024

ಅಪ್ಪಾ,

ಫೋನಿನಲ್ಲಿ ಮೂರು ಸಲ ಹೇಳಿದೆ. ಮೂರು ಸಲವೂ ನೀನು "ಹಾಂ, ಮಳಿ ಚೊಲೋ ಬಂದದ" ಎಂದೆ. ನಿನ್ನ ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಬೇಕಾದಾಗ ಮಾತ್ರ ಕೇಳುತ್ತದೆ ಎಂದು ನಿನ್ನ ಜೊತೆ ಕುರಿ ಕಾಯುವ ಅಮೋಲ್ ಅಣ್ಣ ಹೇಳುತ್ತಾನೆ. ಅದಕ್ಕೇ ಕಾಗದ. ಚಿಂತಾಕಿ ಬಸ್ಸಿನ ಕಂಡಕ್ಟರ್ ಅಯ್ಯುಬ ಅಣ್ಣನ ಕೈಯಲ್ಲಿ ಕಳಿಸುತ್ತೇನೆ. ನಮ್ಮ ಲ್ಯಾಬಿಗೆ ಔರಾದ ಕಡೆಯ ರಕ್ತದ ಡಬ್ಬಿ ತರುವವನೂ ಅವನೇ, ಹೋಗುವಾಗ ಕೈ ಖಾಲಿ ಇರುತ್ತದೆ. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ಬೆರಳಿಟ್ಟು ನೀನೇ ಓದು. ಉತ್ತರ ಬರೆಯಲು ಬದ್ರೋದ್ದೀನ ಮಾಸ್ತರರನ್ನು ಹಿಡಿ. ನಿವೃತ್ತರಾದ ಮೇಲೆ ತಪ್ಪು ತಿದ್ದಲು ಅವರಿಗೆ ಯಾರೂ ಸಿಕ್ಕಿಲ್ಲ.

ನಾನು ಇಲ್ಲಿ ಏನು ಕೆಲಸ ಮಾಡುತ್ತೇನೆಂದು ನೀನು ಈವರೆಗೆ ಕೇಳಿಲ್ಲ. ದಿಲೀಪನ ಮನೆ ಬಿಟ್ಟು ಮೆಹಕರದಿಂದ ಬಂದ ಮೇಲೆ ನಾನು ಏನು ಮಾಡಿದರೂ ನಿನಗೆ ಅದು ಗಂಡನ ಮನೆಯವರು ಕರೆಯುವ ತನಕದ ಕೆಲಸ. ನಾಲ್ಕು ವರ್ಷವಾಯಿತು ಅಪ್ಪಾ. ದಿಲೀಪ ಇನ್ನೊಬ್ಬಳನ್ನು ಮಾಡಿಕೊಂಡೇ ಎರಡು ವರ್ಷವಾಯಿತು. ನೀನು ಮಾತ್ರ ಇನ್ನೂ ದಾರಿ ನೋಡುತ್ತಿದ್ದೀಯ.

ಇರಲಿ. ಈ ಲ್ಯಾಬಿಗೆ ಕುರಿ, ಮೇಕೆ, ಆಕಳ ರಕ್ತ ಬರುತ್ತದೆ. ಅವನ್ನು ಕಾಯುವವರ ರಕ್ತ ಬರುತ್ತದೆ. ದೊಡ್ಡಿಯ ಮಣ್ಣು, ಕುರಿ ಕುಡಿಯುವ ಕೆರೆಯ ನೀರು ಬರುತ್ತದೆ. ಪ್ರಾಣಿಯಲ್ಲಿರುವ ಬೀಮಾರಿ ಮಣ್ಣಿನಲ್ಲಿ ಎಷ್ಟು ದಿನ ಬದುಕುತ್ತದೆ, ಮನುಷ್ಯನಿಗೆ ಹೇಗೆ ಹತ್ತುತ್ತದೆ ಎಂದು ಡಾಕ್ಟರ್ ಆರತಿ ಮೇಡಂ ನೋಡುತ್ತಾರೆ. ನಾನು ಸೀಸೆ ತೊಳೆಯುತ್ತೇನೆ, ಚೀಟಿ ಅಂಟಿಸುತ್ತೇನೆ, ವಹಿಯಲ್ಲಿ ಬರೆಯುತ್ತೇನೆ. ಕರೆಂಟು ಹೋದರೆ ಮಂಜುಗಡ್ಡೆ ತುಂಬುತ್ತೇನೆ. ಸಂಜೆಗೆ ಸೊಂಟ ನಿಲ್ಲುವುದಿಲ್ಲ.

ಇಲ್ಲಿ ಕೆಲಸಕ್ಕೆ ಸೇರಿದ ಎಲ್ಲರ ರಕ್ತವನ್ನೂ ಮೊದಲು ನೋಡುತ್ತಾರೆ. ನನ್ನದರಲ್ಲಿ ಬೀಮಾರಿ ಸಿಕ್ಕಿತು. ಕುರಿ ಕಂದು ಹಾಕುತ್ತವಲ್ಲ, ದಿನ ತುಂಬುವ ಮೊದಲೇ ಸತ್ತ ಮರಿ ಬೀಳುತ್ತದಲ್ಲ, ಅದೇ ಬೀಮಾರಿ. ಈಯುವಾಗ ಬರುವ ನೀರು, ಮಾಸು, ಹಸಿ ಹಾಲು, ಇವುಗಳಿಂದ ಮನುಷ್ಯನಿಗೂ ಬರುತ್ತದಂತೆ. ಸಂಜೆಯಾದರೆ ಜ್ವರ, ಬೆಳಗಿನ ಜಾವ ಬೆವರು, ಕೀಲು ನೋವು, ಯಾವ ಕೆಲಸವೂ ಬೇಡವೆನ್ನಿಸುವ ದಣಿವು. ನಾನು ಇದನ್ನೆಲ್ಲ ಮನಸ್ಸಿನ ದುಃಖ ಎಂದುಕೊಂಡಿದ್ದೆ. ಟೈಫಾಯ್ಡ್ ಎಂದು ಮೂರು ಸಲ ಗುಳಿಗೆಯನ್ನೂ ನುಂಗಿದ್ದೆ.

ಬಸಿರು ಹೆಂಗಸಿಗೆ ಹತ್ತಿದರೆ ಬಸಿರು ಇಳಿಯಬಹುದು ಎಂದೂ ಮೇಡಂ ಹೇಳಿದರು. ನನಗೆ ಎರಡು ಸಲ ಆದದ್ದು ಹೇಗೆಂದು ಯಾರೂ ಹೇಳಿರಲಿಲ್ಲ. ಅವರೊಬ್ಬರೇ ಹೇಳಿದರು, ಮೂವತ್ತು ನಿಮಿಷದಲ್ಲಿ, ಸ್ಟೂಲಿನ ಮೇಲೆ ಕೂತು.

ನಿನ್ನ ಹಿಂಡಿನ ರಕ್ತ ತೆಗೆಯಲು ಮೇಡಂ ಬರುತ್ತಾರೆ. ನಿನ್ನದನ್ನೂ ಕೊಡು. ನಿನ್ನ ಸಂಜೆಯ ಜ್ವರ ನನಗೆ ಸಣ್ಣವಳಿದ್ದಾಗಿನಿಂದ ಗೊತ್ತು.

ನಿನ್ನ ಮಗಳು
ಸಿದ್ದೇಶ್ವರಿ


ಚಿಂತಾಕಿ
2 ಜುಲೈ 2024

ಮಗಳಾದ ಸಿದ್ದೇಶ್ವರಿಗೆ, ತಂದೆಯಾದ ಧೊಂಡಿಬಾ ಹೇಳಿ ಬರೆಸುವುದೇನೆಂದರೆ,

ನಿನ್ನ ಕಾಗದ ತಲುಪಿತು. ನಾನು ಅದನ್ನು ಎರಡು ದಿನ ಓದಿದೆನು. ನನ್ನ ಜ್ವರ ವಯಸ್ಸಿನದು, ಅದಕ್ಕೆ ಔಷಧವಿಲ್ಲ. ಆದರೆ ನಿನಗೆ ಬೀಮಾರಿ ಸಿಕ್ಕಿರುವುದು ಒಳ್ಳೆಯದಾಯಿತು.

(ಸಿದ್ದೇಶ್ವರಿ, "ಒಳ್ಳೆಯದಾಯಿತು" ಎಂಬುದನ್ನು ಬದಲಿಸೋಣವೆಂದು ನಾನು ಎರಡು ಸಲ ಸೂಚಿಸಿದೆ. ನಿನ್ನ ತಂದೆ ಒಪ್ಪಲಿಲ್ಲ. — ಬದ್ರೋದ್ದೀನ)

ಯಾಕೆಂದರೆ ನಾಲ್ಕು ವರ್ಷದಿಂದ ಪುತಳಾಬಾಯಿ ಭಾಲ್ಕಿ ತಾಲ್ಲೂಕಿನ ತುಂಬ ಒಂದೇ ಮಾತು ಹೇಳಿಕೊಂಡು ತಿರುಗಿದ್ದಾಳೆ. ಸೊಸೆಯ ಕಾಲ್ಗುಣ ಕೆಟ್ಟದ್ದು, ಅವಳು ಹೊಸ್ತಿಲು ದಾಟಿದ ವರ್ಷದಿಂದ ತಮ್ಮ ಕುರಿಗಳೂ ಕಂದು ಹಾಕಿದವು, ಅವಳೂ ಹಾಕಿದಳು ಎಂದು. ಆಕೆ ನಿನ್ನ ಅತ್ತೆಯಾದ್ದರಿಂದ ನಾನು ಬಾಯಲ್ಲಿ ಬೈದದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಈಗ ಗೊತ್ತಾಯಿತು. ಅವರ ದೊಡ್ಡಿಯಲ್ಲಿದ್ದ ಬೀಮಾರಿಯೇ ನಿನಗೆ ಹತ್ತಿದೆ. ನಮ್ಮ ಹಿಂಡು ನೆಟ್ಟಗಿದೆ. ನಿನ್ನ ಮೇಡಂ ಬರಲಿ. ನಮ್ಮ ಕುರಿಯ ರಕ್ತ, ನನ್ನ ರಕ್ತ, ಬೇಕಾದರೆ ನಾಯಿಯ ರಕ್ತವನ್ನೂ ತೆಗೆಯಲಿ. ನಮ್ಮಲ್ಲಿ ಏನೂ ಇಲ್ಲವೆಂದು ಸಿಕ್ಕಾ ಹಾಕಿದ ಕಾಗದ ಕೊಡಲಿ. ನಾನು ಅದನ್ನು ಹಿಡಿದು ಹಿರಿಯರ ಸಮೇತ ಮೆಹಕರಕ್ಕೆ ಹೋಗುವೆನು. ಆಗ ಅವರು ನಿನ್ನನ್ನು ಕರೆಸಿಕೊಳ್ಳದೆ ಎಲ್ಲಿಗೆ ಹೋಗುತ್ತಾರೆ?

ಮದುವೆಯಲ್ಲಿ ಕೊಟ್ಟ ಹನ್ನೊಂದು ಕುರಿ ಇನ್ನೂ ಅವರ ದೊಡ್ಡಿಯಲ್ಲಿವೆ ಎಂಬುದನ್ನು ನೆನಪಿಡು. ಬಳುವಳಿ ವಾಪಸು ಬರುವ ತನಕ ಮಗಳು ಆ ಮನೆಯವಳೇ. ನಮ್ಮ ಮಂದಿಯಲ್ಲಿ ಇದು ಎಲ್ಲರಿಗೂ ಗೊತ್ತಿದೆ. ಗಂಡ ಹೆಂಡತಿಯ ಸಂಬಂಧ ಬಿಡಿಸುವ ಆ ಸೋಡಚೀಟಿಗೆ ನಾನು ಸಹಿ ಮಾಡಿಲ್ಲ, ಮಾಡುವುದೂ ಇಲ್ಲ.

ನಿನ್ನ ತಂದೆ
ಧೊಂಡಿಬಾ


ಬೀದರ
29 ಜುಲೈ 2024

ಅಪ್ಪಾ,

ಮೇಡಂ ಚಿಂತಾಕಿಯಿಂದ ಬಂದು ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. ಒಂದೊಂದು ಕುರಿಯನ್ನೂ ಹೆಸರು ಹಿಡಿದು ಕರೆದೆಯಂತೆ. ಸೂಜಿ ನಿನ್ನ ತೋಳಿಗೆ ಬಂದಾಗ ಮಾತ್ರ ಟಗರಿಗೆ ನೀರು ತೋರಿಸಬೇಕು ಎಂದು ಎದ್ದು ಹೊರಟೆಯಂತೆ. ಅಮೋಲ್ ಅಣ್ಣ ನಿನ್ನನ್ನು ಕುರಿ ಹಿಡಿದಂತೆಯೇ ಹಿಡಿದುಕೊಂಡನಂತೆ.

ನಿನ್ನ ರಕ್ತದಲ್ಲಿ ಬೀಮಾರಿ ಇದೆ. ಹಿಂಡಿನಲ್ಲಿ ಒಂಬತ್ತು ಕುರಿಗಳಲ್ಲಿ ಇದೆ. ನಿನ್ನ ದೊಡ್ಡಿಯ ನೆರಳಿನ ಮೂಲೆಯ ಹಸಿ ಮಣ್ಣಿನಲ್ಲೂ ಸಿಕ್ಕಿತು. ಗಾಬರಿಯಾಗಬೇಡ. ಎರಡು ತರಹದ ಗುಳಿಗೆ ಕಳಿಸಿದ್ದೇನೆ, ಹೇಗೆ ನುಂಗಬೇಕೆಂದು ಮೇಲೆ ಬರೆದಿದ್ದಾರೆ. ಆರು ವಾರ. ನಡುವೆ ಒಂದು ದಿನವೂ ಬಿಡಬೇಡ. ನನ್ನವು ಮುಗಿಯುತ್ತ ಬಂದವು. ಹೋದ ವಾರ ಸಂಜೆ ಆರು ಗಂಟೆಗೆ ಜ್ವರ ಬರಲಿಲ್ಲ. ಅದು ಬರುತ್ತದೆಂದು ಕಾದು ಕೂತಿದ್ದೆ, ಬರಲಿಲ್ಲ. ಮುಂದೆ ಏನು ಮಾಡಬೇಕೆಂದು ತಿಳಿಯದೆ ಪಾತ್ರೆ ತೊಳೆದೆ.

ಇನ್ನೊಂದು ಸಂಗತಿ. ಮೆಹಕರದ ಕುರಿಗಳ ರಕ್ತವೂ ನಮ್ಮಲ್ಲಿಗೆ ಬಂದಿತ್ತು. ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಲು ಹೋದಾಗ ಊರಿನ ಎಲ್ಲ ಹಿಂಡುಗಳದ್ದನ್ನೂ ತೆಗೆದಿದ್ದರು. ದಿಲೀಪನ ದೊಡ್ಡಿಯಲ್ಲಿ ಬೀಮಾರಿ ಜಾಸ್ತಿ ಇದೆ. ಅದನ್ನು ಹೇಳಲು ಮೇಡಂ ತಾವೇ ಹೋದರು. ಪುತಳಾಬಾಯಿ ನೀರು ಕೊಟ್ಟು ಕೂಡಿಸಿದಳು. ಎಲ್ಲ ಕೇಳಿಸಿಕೊಂಡಳು. ಆಮೇಲೆ ಕೇಳಿದಳಂತೆ, "ನಿಮ್ಮ ಆಫೀಸಿನ್ಯಾಗ ಚಿಂತಾಕಿ ಸಿದ್ದೇಶ್ವರಿ ಅಂತ ಒಬ್ಬಾಕಿ ಅದಾಳಲ್ರಿ?" ಮೇಡಂ ಇದ್ದಾಳೆ ಎಂದರು. ಪುತಳಾಬಾಯಿ ಎದ್ದು ನಿಂತು, "ಹಂಗಾದ್ರ ಇದು ಆಕಿ ಕಳಿಸಿದ ಬೀಮಾರಿ ಅದರಿ. ಕಾಗದದಾಗ ಬರದು ಕಳಿಸ್ಯಾಳ. ನೀವು ಹೋಗಿಬರ್ರಿ" ಎಂದಳಂತೆ.

ಅಲ್ಲಿಗೆ ಮುಗಿಯಿತು. ಲ್ಯಾಬಿನ ಯಾರ ಮಾತನ್ನೂ ಆ ಮನೆ ಇನ್ನು ಕೇಳುವುದಿಲ್ಲ.

ಕಾಜಲ ಬಸಿರಿದ್ದಾಳೆ. ದಿಲೀಪನ ಎರಡನೆಯ ಹೆಂಡತಿಯ ಹೆಸರು ಅದು, ಖಟಕ ಚಿಂಚೋಳಿಯವಳು. ನಾಲ್ಕು ತಿಂಗಳು ತುಂಬಿದೆ. ಹೋದ ವರ್ಷ ಒಂದು ಸಲ ಇಳಿದಿದೆಯಂತೆ. ಆಗ ಕುರಿ ಈಯುವ ಕಾಲವೇ. ಈ ಸಲವೂ ದೀಪಾವಳಿಯಾದ ಮೇಲೆ ಕುರಿಗಳು ಈಯಲು ಸುರು ಮಾಡುತ್ತವೆ. ಆಗ ಅವಳಿಗೆ ಎಂಟು ತಿಂಗಳು. ಮರಿ ಅಡ್ಡ ಬಂದರೆ ಜಗ್ಗಲು ಅವಳನ್ನೇ ಕೂಡಿಸುತ್ತಾರೆ. ನನ್ನನ್ನು ಕೂಡಿಸಿದ್ದರು.

ಅವಳ ಮೇಲೆ ನನಗೆ ಪ್ರೀತಿ ಏನೂ ಇಲ್ಲ. ಆದರೂ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಸಿದ್ದೇಶ್ವರಿ


ಚಿಂತಾಕಿ
25 ಆಗಸ್ಟ್ 2024

ಮಗಳಾದ ಸಿದ್ದೇಶ್ವರಿಗೆ,

ಗುಳಿಗೆ ಬಿಟ್ಟಿದ್ದೇನೆ. ಕಾರಣವನ್ನು ಮಾಸ್ತರರು ಬರೆಯಲು ಒಪ್ಪುತ್ತಿಲ್ಲ.

(ನಿನ್ನ ತಂದೆಗೆ ಜಲಬಾಧೆಯ ಬಣ್ಣದಲ್ಲಿ ವ್ಯತ್ಯಾಸ ಕಂಡಿದೆ. ಇದಕ್ಕಿಂತ ಹೆಚ್ಚು ಬಿಡಿಸಿ ಬರೆಯಲಾರೆ. — ಬದ್ರೋದ್ದೀನ)

ಕೆಂಪಗೆ ಹೋಗುತ್ತದೆ. ಮೈಯ ರಕ್ತವೆಲ್ಲ ಹಾಗೆ ಹೋದರೆ ಜ್ವರ ಹೇಗೆ ಉಳಿಯುತ್ತದೆ, ಮನುಷ್ಯನೇ ಉಳಿಯುವುದಿಲ್ಲ. ಐದು ದಿನ ನುಂಗಿ ಉಳಿದದ್ದನ್ನು ಗೋಡೆಯ ಮಾಡದಲ್ಲಿ ಇಟ್ಟಿದ್ದೇನೆ.

ನಮ್ಮ ಹಿಂಡಿಗೂ ಬೀಮಾರಿ ಬಂದಿದ್ದು ಮೆಹಕರದವರಿಂದಲೇ ಇರಬೇಕು. ಬೀಗರ ಮನೆಯೆಂದು ನಾನು ಎಷ್ಟು ಸಲ ಅಲ್ಲಿಗೆ ಹೋಗಿ ಬಂದಿದ್ದೇನೆ. ಕಾಲಿಗೆ ಮೆತ್ತಿಕೊಂಡು ಬಂದಿರಬೇಕು. ನೀನು ಫೋನಿನಲ್ಲಿ ಅಮೋಲನಿಗೆ ಹೇಳಿದೆಯಂತೆ, ಯಾರಿಂದ ಯಾರಿಗೆ ಬಂತು ಎಂಬುದೂ ನಿಮ್ಮ ಯಂತ್ರದಲ್ಲಿ ತಿಳಿಯುತ್ತದೆ ಎಂದು. ಆ ಕಾಗದ ಬೇಗ ಕಳಿಸು. ಚಿಂತಾಕಿಯ ಇಬ್ಬರು ಹಿರಿಯರಿಗೆ ಹೇಳಿ ಇಟ್ಟಿದ್ದೇನೆ, ದಸರೆಯೊಳಗೆ ಹೋಗಿಬರೋಣ ಎಂದಿದ್ದಾರೆ. ನಿನ್ನ ಹಸಿರು ಸೀರೆ ಇಲ್ಲಿ ಪೆಟ್ಟಿಗೆಯಲ್ಲಿದೆ, ಬಿಸಿಲಿಗೆ ಹಾಕಿಸಿದ್ದೇನೆ.

ನಿನ್ನ ತಂದೆ
ಧೊಂಡಿಬಾ


ಬೀದರ
3 ಸೆಪ್ಟೆಂಬರ್ 2024

ಅಪ್ಪಾ,

ಅದು ರಕ್ತವಲ್ಲ, ಗುಳಿಗೆಯ ಬಣ್ಣ. ಎಲ್ಲರಿಗೂ ಹಾಗೇ ಹೋಗುತ್ತದೆ, ನನಗೂ ಹೋಯಿತು. ಇವತ್ತೇ ಮೊದಲಿಂದ ಸುರು ಮಾಡು.

ಈ ಕಾಗದವನ್ನು ಮಾಸ್ತರರಿಗೆ ತೋರಿಸಬೇಡ. ನೀನೊಬ್ಬನೇ ಓದು.

ಯಂತ್ರದ ಕಾಗದ ಬಂದು ಒಂಬತ್ತು ದಿನವಾಯಿತು. ಒಂಬತ್ತು ದಿನ ನಾನು ನಿನಗೆ ಬರೆಯಲಿಲ್ಲ. ನೀನು ಸೀರೆ ಬಿಸಿಲಿಗೆ ಹಾಕಿಸಿದೆ ಎಂದು ಓದಿದ ಮೇಲೆ ಇನ್ನು ತಡೆಯಬಾರದು ಅನ್ನಿಸಿತು.

ನಮ್ಮ ಕುರಿಗಳ ಎಡಗಿವಿಗೆ ಎರಡು ಕಚ್ಚು, ತುದಿಯಲ್ಲಿ ಒಂದು ತೂತು. ಬಳುವಳಿ ಕೊಟ್ಟ ಕುರಿಗಳಿಗೆ ಅದೇ ಗುರುತು ಉಳಿಯುತ್ತದೆ, ಅವುಗಳಿಗೆ ಹುಟ್ಟಿದ ಮರಿಗಳಿಗೂ ಅದನ್ನೇ ಹಾಕುತ್ತಾರೆ. ಯಾವ ಹಿಂಡಿನಲ್ಲಿ ಸೇರಿಕೊಂಡರೂ ಇದು ಧೊಂಡಿಬಾನ ಕುರಿ ಎಂದು ನೀನು ದೂರದಿಂದಲೇ ಹೇಳುತ್ತೀಯ. ಬೀಮಾರಿಯ ಹುಳಕ್ಕೂ ಅಂಥ ಕಚ್ಚುಗಳಿವೆ. ಅದರ ವಂಶದ ಒಳಗೆ, ತಾಯಿಯಿಂದ ಮರಿಗೆ ಇಳಿದು ಬರುವ ಕಚ್ಚುಗಳು. ಮೇಡಂ ಹದಿನಾರು ಕಡೆ ಅವನ್ನು ಎಣಿಸುತ್ತಾರೆ. ಮೆಹಕರದ ಸುತ್ತಮುತ್ತಲಿನ ಹಿಂಡುಗಳಲ್ಲಿ ಇರುವುದು ಒಂದು ಗುರುತು. ನಿನ್ನ ರಕ್ತದಲ್ಲಿ, ನಿನ್ನ ಒಂಬತ್ತು ಕುರಿಗಳಲ್ಲಿ, ನಿನ್ನ ದೊಡ್ಡಿಯ ಮಣ್ಣಿನಲ್ಲಿ ಇರುವುದು ಬೇರೆ ಗುರುತು. ನನ್ನ ರಕ್ತದಲ್ಲಿ ಸಿಕ್ಕಿದ್ದು ನಿನ್ನ ಗುರುತು. ದಿಲೀಪನ ದೊಡ್ಡಿಯಲ್ಲಿ ಸಿಕ್ಕಿದ್ದೂ ನಿನ್ನ ಗುರುತೇ.

ಲಸಿಕೆಯವರು ರಕ್ತ ತೆಗೆದಾಗ ಕಿವಿಯ ಕಚ್ಚನ್ನೂ ಬರೆದುಕೊಂಡಿದ್ದಾರೆ. ವಹಿ ನನ್ನ ಕೈಯಲ್ಲೇ ಇದೆ. ಬೀಮಾರಿ ಇರುವ ಇಪ್ಪತ್ತೊಂದು ಕುರಿಗಳಲ್ಲಿ ಹತ್ತೊಂಬತ್ತಕ್ಕೆ ಎಡಗಿವಿಗೆ ಎರಡು ಕಚ್ಚು, ಒಂದು ತೂತು. ಯಾವ ವರ್ಷ, ಯಾರ ಜೊತೆ ಎಂದು ಯಂತ್ರ ಹೇಳುವುದಿಲ್ಲ. ಅದನ್ನು ನೀನೂ ನಾನೂ ಹೇಳಬಲ್ಲೆವು.

ಹಾಗಾಗಿ ಪುತಳಾಬಾಯಿ ಹೇಳಿದ್ದು ಒಂದರ್ಥದಲ್ಲಿ ಸರಿ. ನಾನು ಹೊಸ್ತಿಲು ದಾಟಿದ ವರ್ಷವೇ ಅವರ ಮನೆಗೆ ಬೀಮಾರಿ ಬಂತು. ನಾನು ಅಳಲಿಲ್ಲ. ವಹಿಯಲ್ಲಿ ನಂಬರು ಬರೆದು, ಸೀಸೆ ಎತ್ತಿಟ್ಟು, ಕೈ ತೊಳೆದೆ. ತುಂಬ ದಣಿದಿದ್ದೇನೆ ಅಪ್ಪಾ, ಆದರೆ ಇದು ಜ್ವರದ ದಣಿವಲ್ಲ.

ಈಗ ಕೇಳು. ನೀನು ಮೆಹಕರಕ್ಕೆ ಹೋಗಬೇಕು. ಆದರೆ ನೀನು ಅಂದುಕೊಂಡ ಕೆಲಸಕ್ಕಲ್ಲ. ನನ್ನ ಮಾತನ್ನು ಅವರು ನಂಬುವುದಿಲ್ಲ, ಮೇಡಂ ಮಾತನ್ನು ನಂಬಲಿಲ್ಲ. ಕುರಿ ಕೊಟ್ಟವನೇ ಬಂದು "ನನ್ನ ಕುರಿಯಲ್ಲಿ ಬೀಮಾರಿ ಇದೆ" ಎಂದರೆ ನಂಬದೆ ಇರಲಾರರು. ಆ ಕುರಿಗಳು ದೊಡ್ಡಿಯಿಂದ ಹೋಗಬೇಕು, ಇಲ್ಲವೆ ಕಾಜಲ ಆ ಮನೆಯಿಂದ ಹೋಗಬೇಕು. ಎರಡೂ ಆದರೆ ಒಳ್ಳೆಯದು. ದೀಪಾವಳಿಗೆ ಇನ್ನು ಎರಡು ತಿಂಗಳೂ ಇಲ್ಲ.

ಸಿದ್ದೇಶ್ವರಿ


ಬೀದರ
30 ಸೆಪ್ಟೆಂಬರ್ 2024

ಅಪ್ಪಾ,

ಅಯ್ಯುಬ ಅಣ್ಣ ದಿನಾ ಡಬ್ಬಿ ಕೊಟ್ಟು, ಖಾಲಿ ಕೈ ತೋರಿಸಿ ಹೋಗುತ್ತಾನೆ. ಈಗೀಗ ನಾನು ಕೇಳುವ ಮೊದಲೇ "ಇಲ್ಲಬೇ ತಂಗಿ" ಎನ್ನುತ್ತಾನೆ.

ಕಾಜಲಳಿಗೆ ಆರು ತಿಂಗಳು ತುಂಬಿದೆ.

ಸಿದ್ದೇಶ್ವರಿ


ಚಿಂತಾಕಿ
8 ಅಕ್ಟೋಬರ್ 2024

ಪ್ರೀತಿಯ ಸಿದ್ದೇಶ್ವರಿ,

ಇದು ನನ್ನದೇ ಪತ್ರ, ನಿನ್ನ ತಂದೆ ಹೇಳಿ ಬರೆಸಿದ್ದಲ್ಲ. ಅವರು ಒಂದು ತಿಂಗಳಿನಿಂದ ನನ್ನ ಮನೆಯ ಕಡೆ ಬಂದಿಲ್ಲ. ನಿನ್ನ ಕಾಗದದಲ್ಲಿ ಏನಿತ್ತೆಂದು ನಾನು ಕೇಳಿಲ್ಲ, ಅವರು ಹೇಳಿಲ್ಲ. ಹೋದ ಶುಕ್ರವಾರ ನಾನೇ ದೊಡ್ಡಿಯ ಹತ್ತಿರ ಹೋದೆ. ಕುರಿಗಳ ನಡುವೆ ಕೂತು ಒಂದೊಂದರ ಕಿವಿಯನ್ನೂ ಹಿಡಿದು ನೋಡುತ್ತಿದ್ದರು. ಪತ್ರ ಬರೆಯೋಣವೇ ಎಂದೆ. "ಮಾಸ್ತರ್ರೆ, ಈ ಸಲದ್ದು ನಿಮ್ಮ ಕೈಲೆ ಬರಸಾಕ ಆಗೂದಿಲ್ರಿ. ಒಂದು ಪಾಟಿ ಇದ್ರ ಕೊಡ್ರಿ" ಎಂದರು. ಅರವತ್ತಾರು ವರ್ಷದ ಮನುಷ್ಯನಿಗೆ ಅಕ್ಷರ ತೀಡಲು ಪಾಟಿ ಎಲ್ಲಿಂದ ತರಲಿ? ನನ್ನ ಮೊಮ್ಮಗಳದ್ದು ಕೊಟ್ಟಿದ್ದೇನೆ.

ಗುಳಿಗೆ ತಪ್ಪದೆ ನುಂಗುತ್ತಿದ್ದಾರೆ. ಅಮೋಲ್ ಎದುರು ನಿಂತು ನುಂಗಿಸುತ್ತಾನೆ.

ನಿನ್ನ ಹಿತೈಷಿ
ಬದ್ರೋದ್ದೀನ


ಚಿಂತಾಕಿ
21 ಅಕ್ಟೋಬರ್

ಸಿದ್ದವ್ವ,

ನಾನೇ ಬರ್ದೇನಿ. ತಪ್ಪು ಇರ್ತಾವ.

ನಿನ್ನ ಮದ್ವಿ ವರ್ಷ ದೇಗಲೂರ ಕಡಿಂದ ಒಂದು ಟಗರ ತಂದಿದ್ದೆ. ಉದ್ದ ಕಿವಿ, ದೊಡ್ಡ ಮೈ. ಮಂದಿ ನೋಡಾಕ ಬರ್ತಿದ್ರು. ಅದರ ತರಡಿನ ಬೀಜ ಒಂದು ಬಾತಿತ್ತು. ನೋಡಿದ್ದೆ. ಇರ್ಲಿ ಅಂದೆ. ಆ ವರ್ಷ ನಮ್ಮಾವು ಹದಿನಾಕು ಕುರಿ ಕಂದು ಹಾಕಿದ್ವು. ಯಾರಿಗೂ ಹೇಳ್ಲಿಲ್ಲ. ಹೇಳಿದ್ರ ಹಿಂಡಿನ ಹೆಸರು ಹೋಗ್ತದ.

ಕಂದು ಹಾಕಿದ ಕುರಿಗಿ ಮರಿ ಇರೂದಿಲ್ಲ. ಹಾಲು ಕೊಡೂದಿಲ್ಲ. ಮೈ ತುಂಬಿ ಬರ್ತದ. ಮರಿ ಹಾಕಿದ ಕುರಿ ಎಲುಬು ಬಿಟ್ಟಿರ್ತಾವ. ಬಳುವಳಿ ಕೊಡಾಕ ನಿಂತಾಗ ಯಾವ ಕುರಿ ಚಂದ ಕಾಣ್ತಾವ ಅವನ್ನೇ ಹಿಡದೆ. ಧೊಂಡಿಬಾ ಮಗಳಿಗಿ ಬಡಕಲ ಕುರಿ ಕೊಟ್ಟ ಅಂತ ಬೀಗರು ಅನಬಾರದು ಅಂತ.

ಹನ್ನೊಂದೂ ಕಂದು ಹಾಕಿದಾವೇ. ನನಗ ಗೊತ್ತಿತ್ತು. ಮನಷ್ಯಾರಿಗಿ ಬರ್ತದ ಅನ್ನೂದು ಗೊತ್ತಿರ್ಲಿಲ್ಲ. ಇದು ಖರೇ. ಆದ್ರ ಕುರಿ ಹೆಂಥಾವು ಅನ್ನೂದು ಗೊತ್ತಿತ್ತು.

ನಾಕು ವರ್ಷ ಪುತಳಾಬಾಯಿಗಿ ಬೈದೇನಿ. ನಿನ್ನ ಎರಡು ಕೂಸು ನನ್ನ ಕೈಲೆ ಹೋದ್ವು.

ನೀ ಹೇಳು. ಹೋಗ್ತೇನಿ.

ಧೊಂಡಿಬಾ


ಬೀದರ
24 ಅಕ್ಟೋಬರ್ 2024

ಹೋಗು.

ಸೋಡಚೀಟಿ ನಿನ್ನ ಪೆಟ್ಟಿಗೆಯ ತಳದಲ್ಲಿದೆ. ನನ್ನ ಸಹಿ ನಾಲ್ಕು ವರ್ಷದ ಹಿಂದೆಯೇ ಆಗಿದೆ. ನಿನ್ನದನ್ನು ಹಾಕಿ ಒಯ್ಯಿ. ಖಟಕ ಚಿಂಚೋಳಿಯ ಬೀಗರು ಆ ಚೀಟಿ ಎಲ್ಲಿ ಎಂದು ಕೇಳಿ ಕೇಳಿ ಪುತಳಾಬಾಯಿಯನ್ನು ಸಾಕು ಮಾಡಿದ್ದಾರಂತೆ. ಬಳುವಳಿಯನ್ನೂ ಅದರ ಮರಿಗಳನ್ನೂ ವಾಪಸು ಕೇಳಿದರೆ ಇಲ್ಲವೆನ್ನಲಾರಳು.

ಕುರಿಗಳನ್ನು ಚಿಂತಾಕಿಗೆ ಹೊಡೆದುಕೊಂಡು ಬರಬೇಡ. ದಾರಿಯ ಊರುಗಳ ನೀರಿಗೆಲ್ಲ ಬೀಮಾರಿ ಸೇರುತ್ತದೆ. ಭಾಲ್ಕಿಯ ದನದ ಡಾಕ್ಟರಿಗೆ ಮೇಡಂ ಫೋನ್ ಮಾಡಿದ್ದಾರೆ, ಅವರು ಅಲ್ಲಿಗೇ ಬರುತ್ತಾರೆ. ಏನು ಮಾಡಬೇಕೆಂದು ಅವರು ಹೇಳುತ್ತಾರೆ.

ಸಿದ್ದೇಶ್ವರಿ


ಚಿಂತಾಕಿ
12 ನವೆಂಬರ್ 2024

ಮಗಳಾದ ಸಿದ್ದೇಶ್ವರಿಗೆ,

ಮತ್ತೆ ಮಾಸ್ತರರ ಕೈಯಿಂದ ಬರೆಸುತ್ತಿದ್ದೇನೆ. ಹತ್ತು ಮಂದಿಯ ಮುಂದೆ ಹೇಳಿ ಬಂದವನಿಗೆ ಮಾಸ್ತರರ ಮುಂದೆ ಮುಚ್ಚಿಡುವುದು ಏನಿದೆ?

ದೀಪಾವಳಿಗೆ ಎರಡು ದಿನವಿರುವಾಗ ಔರಾದ ಬಸ್ಸು ಹತ್ತಿ, ಭಾಲ್ಕಿಯಲ್ಲಿ ಬದಲಿಸಿ ಮೆಹಕರ ಮುಟ್ಟಿದೆನು. ಹಿರಿಯರನ್ನು ಕರೆದೊಯ್ಯಲಿಲ್ಲ. ಅಮೋಲ್ ಬರುತ್ತೇನೆಂದ, ಬೇಡವೆಂದೆ. ಪುತಳಾಬಾಯಿ ಅಂಗಳದಲ್ಲಿ ಕಾಳು ಕೇರುತ್ತಿದ್ದಳು. "ಬರ್ರಿ ಬೀಗರೆ, ನಾಕು ವರ್ಷಕ್ಕ ದಾರಿ ನೆನಪಾತೇನ್ರಿ?" ಎಂದಳು.

"ನನ್ನ ಕುರಿ ಒಯ್ಯಾಕ ಬಂದೇನ್ರಿ."

"ಚೀಟಿಗಿ ಸಹಿ ಆಗದ ಕುರಿ ಹ್ಯಾಂಗ ಕೊಡಾಕ ಬರ್ತದರಿ?"

ನಾನು ಚೀಟಿಯನ್ನು ಹೊರಸಿನ ಮೇಲೆ ಇಟ್ಟೆ. ದಿಲೀಪ ಓದಿದ. ನೆರೆಯವರು ನಾಲ್ಕಾರು ಮಂದಿ ಕೂಡಿದರು. ಆಗ ನಾನು ಹೇಳಿದೆ. ಟಗರು, ಹದಿನಾಲ್ಕು ಕುರಿ ಕಂದು ಹಾಕಿದ್ದು, ಮೈ ತುಂಬಿದವನ್ನು ಆರಿಸಿದ್ದು, ಎಲ್ಲವನ್ನೂ. ನನಗೆ ಕಿವಿ ಕೇಳದ್ದರಿಂದ ನನ್ನ ದನಿ ಜೋರಾಗಿತ್ತೆಂದು ಕಾಣುತ್ತದೆ, ಓಣಿಯ ಆಚೆಯವರೂ ಬಂದು ನಿಂತರು.

ಪುತಳಾಬಾಯಿ ಮೊರ ಕೆಳಗಿಟ್ಟಳು. "ನಾ ಅಂದಾಗ ನನ್ನ ಬಾಯಿ ಹೊಲಸು ಅಂದಿದ್ರಿ. ಈಗ ನೀವೇ ಅದನ್ನ ಹೇಳಾಕತ್ತೀರಿ."

"ನೀವು ಅಂದದ್ದು ನನ್ನ ಮಗಳ ಕಾಲ್ಗುಣ, ಬಾಯಿ. ನಾ ಹೇಳೂದು ನನ್ನ ಕುರಿ. ಕಾಲ್ಗುಣ ಅಂತ ಏನರ ಇದ್ರ ಅದು ನಂದು. ಆಕಿದಲ್ಲ."

ಆಕೆ ಎದ್ದು ಸೆರಗು ಕೊಡವಿದಳು. ಆಮೇಲೆ ಒಳಗಿದ್ದ ಸೊಸೆಯನ್ನು ಕರೆದಳು. "ಕಾಜಲ, ದೊಡ್ಡಿ ಕಡಿ ಹೋಗಬ್ಯಾಡ. ನಿನ್ನ ತೌರಿಗಿ ಫೋನ್ ಹಚ್ಚು, ನಾಳಿನೇ ಬಂದು ಕರಕೊಂಡು ಹೋಗ್ಲಿ." ಆ ಹುಡುಗಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಿತು. ನಿನಗಿಂತ ಸಣ್ಣವಳು. ಸೊಂಟದ ಮೇಲೆ ಕೈ ಇಟ್ಟುಕೊಂಡಿದ್ದಳು.

ದನದ ಡಾಕ್ಟರು ಮಧ್ಯಾಹ್ನ ಬಂದರು. ಹನ್ನೊಂದರಲ್ಲಿ ನಾಲ್ಕು ಉಳಿದಿದ್ದವು. ಮರಿ, ಮರಿಯ ಮರಿ ಸೇರಿ ನಮ್ಮ ಗುರುತಿನವು ಇಪ್ಪತ್ಮೂರು. ಅವರ ಗುರುತಿನ ಎರಡಕ್ಕೂ ಬೀಮಾರಿ ಹತ್ತಿತ್ತು, ಅವನ್ನೂ ಬಿಟ್ಟುಕೊಟ್ಟರು. ಕಿವಿ ನೋಡಿ ನೋಡಿ ನಾನೇ ಒಂದೊಂದನ್ನು ಹೊರಗೆ ತಂದೆನು. ಹಳೆಯ ನಾಲ್ಕು ನನ್ನ ಕೈ ಮರೆತಿರಲಿಲ್ಲ, ಹಿಂದೆ ಹಿಂದೆ ಬಂದವು, ಉಳಿದವು ಅವುಗಳ ಹಿಂದೆ ಬಂದವು. ಊರ ಹೊರಗೆ ಯಂತ್ರದಿಂದ ಗುಂಡಿ ತೋಡಿಸಿದ್ದರು. ಡಾಕ್ಟರು ಸೂಜಿ ಹಾಕಿ ಮಲಗಿಸಿದರು, ಹೂತು ಸುಣ್ಣ ಹಾಕುವಾಗ ನಾನು ಅಲ್ಲೇ ಇದ್ದೆನು. ಚಿಂತಾಕಿಗೆ ಬಂದ ಮೇಲೆ ನಮ್ಮ ಒಂಬತ್ತನ್ನೂ ಹಾಗೆಯೇ ಮಾಡಿದೆವು.

ಬಸ್ ಸ್ಟಾಂಡಿನ ತನಕ ಪುತಳಾಬಾಯಿ ಬಂದಿದ್ದಳು. ಬಸ್ಸು ಹತ್ತುವಾಗ ಏನೋ ಅಂದಳು, ನನಗೆ ಕೇಳಲಿಲ್ಲ. ಇಳಿದು ಬಲಗಿವಿ ಕೊಟ್ಟೆ. "ನನ್ನ ಕೈ ನೋಯ್ತಾವ ಅಂತ ಎರಡೂ ಸಲ ಬಸರಿದ್ದ ನಿಮ್ಮ ಮಗಳನ್ನ ನಾನೇ ದೊಡ್ಡ್ಯಾಗ ಕೂಡಿಸಿದ್ದೆ. ಬರಿಗೈಲೆ ಮರಿ ಜಗ್ಗಿದಳು. ಇದನ್ನ ಆಕಿಗಿ ಹೇಳ್ರಿ" ಎಂದಳು. ಆಕೆ ಹೇಳಿದಷ್ಟನ್ನು ಬರೆಸಿದ್ದೇನೆ.

ಸಿದ್ದವ್ವ, ನನ್ನ ಹೋದ ಕಾಗದಕ್ಕೆ ನೀನು "ಹೋಗು" ಎಂದು ಬರೆದೆ. ಬೇರೆ ಏನೂ ಬರೆಯಲಿಲ್ಲ. ನಾನು ಕೇಳುವುದೂ ಇಲ್ಲ.

ಧೊಂಡಿಬಾ

(ಇದನ್ನು ಬರೆಸುವಾಗ ಅವರು ಎರಡು ಕಡೆ ನಿಲ್ಲಿಸಿದರು. ಎಲ್ಲಿ ಎಂದು ನಾನು ಹೇಳಬೇಕಾಗಿಲ್ಲ. — ಬದ್ರೋದ್ದೀನ)


ಬೀದರ
6 ಜನವರಿ 2025

ಅಪ್ಪಾ,

ಎರಡು ತಿಂಗಳು ಬರೆಯಲಿಲ್ಲ. ಬರೆಯಲು ಕೂತೆ, ಆಗಲಿಲ್ಲ. ಇದು ಆರನೆಯ ಹಾಳೆ.

ಶನಿವಾರ ಭಾಲ್ಕಿಯಿಂದ ಬಂದ ಡಬ್ಬಿಯಲ್ಲಿ ಎರಡು ಸಣ್ಣ ಸೀಸೆಗಳಿದ್ದವು. ಚೀಟಿ ಓದಿ ವಹಿಯಲ್ಲಿ ಬರೆಯುವುದು ನನ್ನ ಕೆಲಸವಷ್ಟೆ. ಒಂದರ ಮೇಲೆ "ಕಾಜಲ, ಮೆಹಕರ" ಎಂದಿತ್ತು. ಇನ್ನೊಂದರ ಮೇಲೆ "ಕಾಜಲ ಇವರ ಮಗು, ಹೆಣ್ಣು, ಹದಿನಾರು ದಿನ" ಎಂದಿತ್ತು. ಹೆಸರು ಇನ್ನೂ ಇಟ್ಟಿರಲಿಲ್ಲ. ನಾನು ನಂಬರು ಬರೆದೆ. ಆಮೇಲೆ ಕೈ ತೊಳೆಯಲು ಹೋದವಳು ನಳದ ಮುಂದೆಯೇ ನಿಂತುಬಿಟ್ಟೆ. ಮೇಡಂ ಬಂದು ನಳ ಬಂದ್ ಮಾಡಿದರು.

ಇವತ್ತು ಫಲಿತಾಂಶ ಬಂತು. ಎರಡರಲ್ಲೂ ಬೀಮಾರಿ ಇಲ್ಲ. ಕಣ್ಣು ತಪ್ಪಿರಬಹುದೆಂದು ಇನ್ನೊಂದು ಸಲ ನೋಡಿಸಿದೆ. ಇಲ್ಲ.

ಇಲ್ಲಿನ ದವಾಖಾನೆಗಳಲ್ಲಿ ಈಗ ಸಂಜೆಯ ಜ್ವರ ಎಂದು ಬಂದವರಿಗೆ "ಕುರಿ ಸಾಕೀರೇನ್ರಿ?" ಎಂದು ಮೊದಲು ಕೇಳುತ್ತಾರೆ. ಮೇಡಂ ಕಳಿಸಿದ ಪಟ್ಟಿಯಿಂದಾಗಿ. ಆ ಪಟ್ಟಿಯಲ್ಲಿ ನಾವಿಬ್ಬರೂ ಇದ್ದೇವೆ, ಹೆಸರಿಲ್ಲದೆ, ಬರೀ ನಂಬರು. ನಿನ್ನ ದೊಡ್ಡಿಯ ಮಣ್ಣಿಗೂ ಒಂದು ನಂಬರಿದೆ. ಆ ಮೂಲೆಗೆ ಸುಣ್ಣ ಹಾಕಿ, ಮೇಲಿನ ತಟ್ಟಿ ತೆಗೆದು ಬಿಸಿಲು ಬೀಳುವಂತೆ ಮಾಡಿ ಎಂದು ಅಮೋಲ್ ಅಣ್ಣನಿಗೆ ಹೇಳಿದ್ದೇನೆ.

ನನಗೆ ನಿನ್ನ ಮೇಲೆ ಸಿಟ್ಟಿದೆ. ಬರೆದು ಹೇಳದಿದ್ದರೆ ನೀನು ಬೇರೆ ಏನೇನೋ ಅಂದುಕೊಳ್ಳುತ್ತೀಯ, ಅದಕ್ಕೇ ಹೇಳುತ್ತಿದ್ದೇನೆ. ಕುರಿ ಆರಿಸುವಾಗ ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ, ನಿನಗೆ ನೆನಪಿದೆಯೋ ಇಲ್ಲವೋ. "ಅಪ್ಪಾ, ಎಲ್ಲಾ ಚೊಲೋ ಕುರಿನೇ ಕೊಡಾಕತ್ತಿಯಲ್ಲ, ನಿನಗ?" ಎಂದು ನಾನೇ ಕೇಳಿದ್ದೆ. ನೀನು ನಕ್ಕಿದ್ದೆ. ಈಗ ಅದನ್ನು ನೆನೆದರೆ ಸಿಟ್ಟು ಬರುತ್ತದೆ, ಅದರ ಹಿಂದೆಯೇ ಅಳು ಬರುತ್ತದೆ. ಎಷ್ಟು ದಿನ ಹೀಗೆ ಎಂದು ಗೊತ್ತಿಲ್ಲ. ಹೋಯಿತೆಂದು ಸುಳ್ಳು ಬರೆಯಲಾರೆ.

ನಿನ್ನ ಗುಳಿಗೆ ಮುಗಿದು ಎರಡು ತಿಂಗಳಾಗಿದೆ. ಬೀಮಾರಿ ಹೋಯಿತೇ ಎಂದು ನೋಡಲು ಇನ್ನೊಂದು ಸಲ ರಕ್ತ ಕೊಡಬೇಕು. ಮುಂದಿನ ಸೋಮವಾರ ಬೆಳಗಿನ ಬಸ್ಸಿಗೆ ಬಾ. ಅಯ್ಯುಬ ಅಣ್ಣ ಗೇಟಿನ ತನಕ ಬಿಟ್ಟು ಹೋಗುತ್ತಾನೆ. ಅಮೋಲ್ ಅಣ್ಣ ಹಿಡಿದುಕೊಳ್ಳಲು ಬರುವುದು ಬೇಡ. ಸೂಜಿ ಹಾಕುವುದನ್ನು ಮೇಡಂ ನನಗೆ ಕಲಿಸಿದ್ದಾರೆ, ನಿನ್ನದನ್ನು ನಾನೇ ತೆಗೆಯುತ್ತೇನೆ.

ಅವತ್ತು ನಾನು ಮಾತಾಡದೆ ಇದ್ದರೆ ಬೇಸರ ಮಾಡಿಕೊಳ್ಳಬೇಡ. ಕೈ ಚಾಚು, ಸಾಕು.

ಸಿದ್ದವ್ವ